ಏರಿಯ ಬುಡದ ಕೈಗುಣ

ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಒಂದು ಇದ್ದೇ ಇರಬೇಕು, ಇಲ್ಲ ಅಂತ ಯಾರೂ ಹೇಳುತ್ತಿಲ್ಲ. ಆದರೆ ಕೆಳಗಿನ ಬೀದಿಯ ಮಕ್ಕಳಿಂದ ಹಿಡಿದು ಅಂಚೆಯವನ ತನಕ ಎಲ್ಲರ ಬಾಯಲ್ಲೂ ಅವನು ಏರಿಯಣ್ಣ. ಅವನ ಅಪ್ಪ ಸ್ವಂತ ಜಮೀನಿನಲ್ಲಿ, ಎರಡು ದಿಬ್ಬಗಳ ನಡುವೆ, ಮಣ್ಣು ಹೊತ್ತು ತುಳಿದು ಕಟ್ಟಿದ ಸಣ್ಣ ಏರಿ ಅದು. ಅದರ ಬೆನ್ನಿಗೆ ನಿಂತ ನೀರು ತೂಬಿನಿಂದ ಇಳಿದು, ಕಾಲುವೆ ಹಿಡಿದು, ಕೆಳಗಿನ ಮನೆಗಳ ಹಿತ್ತಲಿಗೂ ಹೊಲಕ್ಕೂ ಸರದಿಯ ಪ್ರಕಾರ ಹೋಗಬೇಕು. ತೂಬು ಎತ್ತುವ ಕಬ್ಬಿಣದ ಹಿಡಿಕೆ ಏರಿಯಣ್ಣನ ಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದಿರುತ್ತಿತ್ತು.

ನೀರು ಅಂದಮೇಲೆ ಜಗಳ ಇರದೆ ಇರುತ್ತದೆಯೇ? ಇವತ್ತು ನಮ್ಮ ಸರದಿ ಅಂತ ಒಬ್ಬ, ನಿನ್ನೆ ನಮಗೆ ಅರ್ಧವೇ ಬಂತು ಅಂತ ಇನ್ನೊಬ್ಬ, ಕಾಲು ಕೆರೆದುಕೊಂಡು ಬರುವವರಿಗೆ ಬರವಿರಲಿಲ್ಲ. ಏರಿಯಣ್ಣ ಯಾರ ಮೇಲೂ ಕೂಗಾಡುತ್ತಿರಲಿಲ್ಲ. ಇಬ್ಬರನ್ನೂ ಕಾಲುವೆಯ ಅಂಚಿಗೆ ಕರೆದುಕೊಂಡು ಹೋಗಿ, "ನೀರು ನಂದಲ್ಲ ಕಣ್ರಪ್ಪ, ಮೋಡದ್ದು. ಏರಿ ಮಾತ್ರ ನಂದು. ನೀವು ಹೀಗೆ ಕಿತ್ತಾಡಿದ್ರೆ ಇಬ್ಬರಿಗೂ ತೂಬು ಎತ್ತಲ್ಲ, ಮನೆಗೆ ಹೋಗಿ ಮಲಗ್ತೀನಿ" ಅನ್ನುತ್ತಿದ್ದ. ಮಲಗಿದ್ದನ್ನು ಕಂಡವರಿಲ್ಲ. ಏರಿಯ ಕೆಳಗಿನ ಮೊದಲನೇ ಮನೆಯ ದರ್ಜಿ ಮಾತ್ರ, "ಏರಿಯಣ್ಣ ನಿದ್ದೆಯಲ್ಲೂ ತೂಬು ತಿರುಗಿಸ್ತಾನೆ, ಪಾಪ ಅತ್ತಿಗೆಗೆ ಹೊದಿಕೆಯೇ ಸಿಗಲ್ಲ" ಅಂತ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿ ನಗಿಸುತ್ತಿದ್ದ.

ಈ ಏರಿಯಣ್ಣನಿಗೆ ಒಂದೇ ಒಂದು ಜಂಬ. "ನಮ್ಮ ಏರಿ ಒಂದು ಹನಿ ಸೋರಲ್ಲ." ಬಂದ ನೆಂಟರಿಗೆ, ದಾರಿ ಕೇಳಿದ ಅಪರಿಚಿತರಿಗೆ, ಔಷಧಿ ಅಂಗಡಿಯಲ್ಲಿ ಸಾಲಿಗೆ ನಿಂತವರಿಗೆ, ಎಲ್ಲರಿಗೂ ಅದೇ ಮಾತು. ಹಾಗೆ ಹೇಳುವ ಹಕ್ಕು ಅವನಿಗಿತ್ತು ಅನ್ನಿ. ಬೆಳಗಾದರೆ ಒಂದು ಗುದ್ದಲಿ ಹೆಗಲಿಗೆ, ಒಂದು ಬುಟ್ಟಿ ಮಣ್ಣು ಕಂಕುಳಿಗೆ. ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ಮೈಯೆಲ್ಲ ಕಣ್ಣಾಗಿ ನಡೆಯುತ್ತಿದ್ದ. ಇಲಿ ಬಿಲ ತೋಡಿದ್ದರೆ ಮಣ್ಣು ಗಿಡಿದು ಹಿಮ್ಮಡಿಯಿಂದ ತುಳಿಯುವುದು. ಯಾವುದೋ ಹಕ್ಕಿ ಉದುರಿಸಿದ ಬೀಜ ಮೊಳೆತು ಸಸಿಯಾಗಿದ್ದರೆ ಬೇರು ಇಳಿಯುವ ಮೊದಲೇ ಕಿತ್ತು ಎಸೆಯುವುದು. ನೀರಿನ ಕಡೆಯ ಕಲ್ಲು ಸರಿಸಿ ನೋಡುವುದು, ಹಿಂಬದಿಯ ಇಳಿಜಾರಿನಲ್ಲಿ ಬಿರುಕಿದೆಯೇ ಅಂತ ಬಗ್ಗಿ ನೋಡುವುದು. ಹೀಗೆ ಇಳಿಯುತ್ತಾ ಇಳಿಯುತ್ತಾ ಅವರೆ ಚಪ್ಪರದ ಕೋಲುಗಳು ಶುರುವಾಗುವ ಜಾಗ ಬಂತೋ, ಅಲ್ಲಿಂದ ಹಿಂದಕ್ಕೆ ತಿರುಗಿಬಿಡುತ್ತಿದ್ದ. ಯಾಕೆಂದರೆ ಏರಿಯ ಬುಡದಲ್ಲಿದ್ದದ್ದು ಹೆಂಡತಿಯ ತೋಟ. ಅದು ಅವಳ ರಾಜ್ಯ, ಅಲ್ಲಿ ನೋಡುವುದೇನಿದೆ ಅಂತ ಅವನ ಲೆಕ್ಕ.

ಆ ತೋಟವನ್ನು ನೋಡಬೇಕಿತ್ತು ನೀವು! ಬಿರುಬೇಸಗೆಯಲ್ಲಿ ಎಲ್ಲರ ಹಿತ್ತಲೂ ಒಣಗಿ ಕೂತಿರುವಾಗ ಅಲ್ಲಿ ಪುದೀನ ಮೊಣಕಾಲು ಮುಟ್ಟುತ್ತಿತ್ತು. ಕುಂಬಳದ ಎಲೆ ಮಗುವಿಗೆ ಕೊಡೆಯಾಗಿ ಹಿಡಿಯಬಹುದಿತ್ತು. ಬದನೆ, ಮೆಣಸಿನಕಾಯಿ, ಅವರೆ, ಮುಟ್ಟಿದ್ದೆಲ್ಲ ಮೈತುಂಬಿಕೊಂಡು ನಿಲ್ಲುತ್ತಿತ್ತು. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಕೈಗುಣ. ಬರುಬರುತ್ತಾ ಅದೇ ಅವಳ ಹೆಸರಾಯಿತು, ಕೈಗುಣದಕ್ಕ. ಯಾರ ಮನೆಯಲ್ಲಿ ಬಳ್ಳಿ ನೆಡಲಿ, "ಅಕ್ಕ, ಒಂದು ಸಲ ಕೈ ಮುಟ್ಟಿಸಿ ಕೊಟ್ಟುಬಿಡಿ" ಅಂತ ಕರೆ ಬರುತ್ತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು, "ಅಯ್ಯೋ ನನ್ನ ಕೈಯಲ್ಲೇನಿದೆ" ಅನ್ನುತ್ತಲೇ, ಕರೆದದ್ದಕ್ಕೆ ಒಳಗೊಳಗೇ ಹಿಗ್ಗಿಕೊಂಡು, ಬಿರಬಿರನೆ ಹೊರಡುತ್ತಿದ್ದಳು. ಮಿತಭಾಷಿ ಹೆಂಗಸು. ಓದು ಬರಹ ಅಷ್ಟಕ್ಕಷ್ಟೆ. ಒಂದೇ ಮಗಳು, ಪಕ್ಕದ ಊರಿನಲ್ಲಿ ಶಾಲೆಯಲ್ಲಿ ಕೆಲಸ ಮಾಡಿಕೊಂಡು ಚೆನ್ನಾಗಿದ್ದಾಳೆ. ಜೀವನದಲ್ಲಿ ತನ್ನದು ಅಂತ ಹೇಳಿಕೊಳ್ಳಲು ಅವಳಿಗಿದ್ದದ್ದು ಆ ಒಂದು ಮಾತು.

ಖಾಸಗಿ ಏರಿಗಳನ್ನೂ ಇನ್ನು ಮೇಲೆ ತನಿಖೆ ಮಾಡುತ್ತಾರಂತೆ ಅನ್ನುವ ಸುದ್ದಿ ಬಂದಾಗ ಏರಿಯಣ್ಣನಿಗೆ ಖುಷಿಯೋ ಖುಷಿ. ತೋರಿಸಿಕೊಳ್ಳಲು ಒಬ್ಬರು ಸಿಕ್ಕರಲ್ಲ! ಕಚೇರಿಯಿಂದ ಬಂದವಳು ಒಬ್ಬ ಚುರುಕು ಹುಡುಗಿ, ಇಂಜಿನಿಯರ್. ಅವನ ಹಿಂದೆ ಏರಿಯುದ್ದಕ್ಕೂ ನಡೆದಳು, ತೂಬು ನೋಡಿದಳು, ಹೆಚ್ಚಿನ ನೀರು ಹರಿದುಹೋಗುವ ಕೋಡಿಯನ್ನು ನೋಡಿದಳು, "ತುಂಬಾ ಚೆನ್ನಾಗಿ ಇಟ್ಕೊಂಡಿದೀರಾ ಅಂಕಲ್" ಅಂದಳು. ಅವನ ಎದೆ ಅಂಗಿಯ ಗುಂಡಿ ಕಿತ್ತುಬರುವಷ್ಟು ಉಬ್ಬಿತು. ಅಷ್ಟಕ್ಕೇ ಹೋಗಿದ್ದರೆ ಆಗಿತ್ತು. ಅವಳು ಅವರೆ ಚಪ್ಪರ ದಾಟಿ ಸೀದಾ ತೋಟದೊಳಗೆ ಇಳಿದಳು.

ಕೈಗುಣದಕ್ಕ ಅವತ್ತು ಮಗಳ ಮನೆಗೆ ಹೋಗಿದ್ದಳು. ಪುದೀನದ ಮಡಿಯಲ್ಲಿ ಹುಡುಗಿಯ ಬೂಟು ಹೂತಿತು. ಕಾಲು ಎತ್ತಿದಳು. ಹಿಮ್ಮಡಿಯ ಗುರುತಿನಲ್ಲಿ ಮೆಲ್ಲಗೆ ನೀರು ತುಂಬಿಕೊಂಡಿತು.

"ಇಲ್ಲಿಗೆ ಯಾವಾಗ ನೀರು ಹಾಯಿಸಿದ್ರಿ?"

"ಇಲ್ಲಿಗಾ? ಇಲ್ಲಿಗೆ ಕಾಲುವೆಯೇ ಇಲ್ಲವಲ್ಲ" ಅಂದ ಏರಿಯಣ್ಣ. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

ಹುಡುಗಿ ಕುಕ್ಕರಗಾಲಲ್ಲಿ ಕೂತು ಗಾಜಿನ ಶೀಶೆಗೆ ಆ ನೀರು ತುಂಬಿ ಬಿಸಿಲಿಗೆ ಹಿಡಿದಳು. ಸ್ವಲ್ಪ ಹೊತ್ತು ಕಾದಳು. ತಳದಲ್ಲಿ ಹಿಟ್ಟಿನಷ್ಟು ನುಣುಪಾದ ಮಣ್ಣು ಕೂತಿತು. "ತಿಳಿನೀರು ಒಸರಿದ್ರೆ ಹೆದರಬೇಕಾಗಿರಲಿಲ್ಲ ಅಂಕಲ್. ಇದು ಮಣ್ಣನ್ನೂ ಎಳ್ಕೊಂಡು ಬರ್ತಿದೆ. ಒಳಗೊಳಗೇ ಟೊಳ್ಳಾಗ್ತಿದೆ. ಹೀಗೇ ಬಿಟ್ರೆ ಒಂದು ದೊಡ್ಡ ಮಳೆ ಸಾಕು" ಅಂದಳು. ಹಾಗೇ ತಿರುಗಿ ಕೆಳಗಿನ ದರ್ಜಿಯ ಮನೆಯ ಹೆಂಚಿನ ಕಡೆ ನೋಡಿದಳು.

ಏರಿಯಣ್ಣ ಬಗ್ಗಿ ಆ ಬೂಟಿನ ಗುರುತಿಗೆ ಬೆರಳು ಅದ್ದಿದ. ಎಂಥಾ ಮನುಷ್ಯ ನೋಡಿ! ಇರುವೆ ಸಾಲಿನ ಲೆಕ್ಕ ಇಟ್ಟವನು, ಕಣ್ಣೆದುರಿನ ಹಸಿರನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ಬೇಸಗೆಯಲ್ಲಿ ಏರಿಯ ಬುಡ ಹಚ್ಚಗಿದ್ದರೆ ಏನರ್ಥ ಅಂತ ಅವನ ಅಪ್ಪ ಅವನಿಗೆ ಚಡ್ಡಿ ಹಾಕುವ ವಯಸ್ಸಿನಲ್ಲೇ ಹೇಳಿಕೊಟ್ಟಿದ್ದ. ಆದರೆ ಎಲ್ಲರೂ ಕೈಗುಣ ಅಂದರು. ಅವನೂ ಕೈಗುಣ ಅಂದುಕೊಂಡ. ಹೆಂಡತಿಯ ಮೇಲಿನ ಪ್ರೀತಿಗೆ ಕಣ್ಣು ಮುಚ್ಚಿದ ಅನ್ನಬೇಕೋ, ಶುದ್ಧ ದಡ್ಡತನ ಅನ್ನಬೇಕೋ, ನೀವೇ ಹೇಳಿ.

ಕೆಲಸ ಇಷ್ಟು: ಏರಿಯ ಹಿಂದೆ ನಿಂತ ನೀರನ್ನು ತಗ್ಗಿಸಬೇಕು. ಬುಡವನ್ನು ಅಗೆದು, ಮರಳು, ಸಣ್ಣ ಜಲ್ಲಿ, ದಪ್ಪ ಜಲ್ಲಿ ಹಾಸಿ ಕೊಳವೆ ಇಡಬೇಕು. ಒಸರು ನೀರು ಸೋಸಿ ಹೊರಬರಲಿ, ಮಣ್ಣು ಒಳಗೇ ಉಳಿಯಲಿ ಅಂತ. ಆಮೇಲೆ ಹೊಸ ಮಣ್ಣು ಹಾಕಿ ಗುದ್ದಿ ದಮ್ಮಸ್ಸು ಮಾಡಿ ಹುಲ್ಲು ಬೆಳೆಸಬೇಕು. ತೋಟ ಉಳಿಯುವ ಮಾತೇ ಇಲ್ಲ. ಹುಡುಗಿ ಹೊರಟು ನಿಂತಾಗ ಏರಿಯಣ್ಣ ಅವಳ ಹಿಂದೆಯೇ ಹೋದ.

"ಒಂದು ಮಾತು ತಾಯಿ. ನಮ್ಮನೆಯವಳಿಗೆ ಇದು ಒಸರಿನಿಂದ ಬೆಳೆದ ತೋಟ ಅಂತ ಹೇಳಬೇಡ. ನಿಯಮ ಹಾಗಿದೆ, ಏರಿ ಬುಡದಲ್ಲಿ ಗಿಡ ಇರಬಾರದು ಅಂತ ಹೇಳಿಬಿಡು."

"ನಿಯಮ ಇರೋದೂ ನಿಜವೇ" ಅಂದಳು ಹುಡುಗಿ. "ಅಷ್ಟು ಹೇಳ್ತೀನಿ. ಆದ್ರೆ ಅವರೇ ಕೇಳಿದ್ರೆ ಸುಳ್ಳು ಹೇಳಲ್ಲ."

ನಿಯಮದ ಮಾತು ಕಿವಿಗೆ ಬಿದ್ದಾಗ ಕೈಗುಣದಕ್ಕ ಕಾರಣ ಕೇಳಲಿಲ್ಲ, ಸಿಡಿಮಿಡಿಗೊಂಡಳು. "ನನ್ನ ಕುಂಬಳಕಾಯಿ ಏನ್ರೀ ಮಾಡಿತ್ತು ಅವರಿಗೆ? ನೀವಾದ್ರೂ ಒಂದು ಮಾತು ಆಡಬಾರದಿತ್ತಾ? ಊರಿಗೆಲ್ಲ ನ್ಯಾಯ ಹೇಳ್ತೀರಿ, ಹೆಂಡತಿ ವಿಷಯಕ್ಕೆ ಬಾಯಿಗೆ ಬೀಗ!" ಏರಿಯಣ್ಣ ಬೈಗುಳವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ. ಬೈಯಲಿ, ಕಚೇರಿಯನ್ನು ಬೈಯಲಿ, ತನ್ನನ್ನು ಬೈಯಲಿ, ಅವಳ ಕೈಯ ಮೇಲೆ ಮಾತ್ರ ಅವಳಿಗೆ ನಂಬಿಕೆ ಹೋಗದಿರಲಿ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಕೆಲಸ ಶುರುವಾಯಿತು. ಅಗೆಯುವವರು ಅವರೆ ಚಪ್ಪರ ಕಿತ್ತರು, ಪುದೀನ ಬಗೆದರು. ಅಡಿಯಲ್ಲಿ ಮುಂಗೈ ಗಾತ್ರದ, ನೀರು ಕೊರೆದ ಒಂದು ಜಾಡು ಸಿಕ್ಕಿತು, ಒದ್ದೆ ಒದ್ದೆ, ಏರಿಯ ಹೊಟ್ಟೆಯೊಳಕ್ಕೆ ಹೋಗುತ್ತಿತ್ತು. ಅದೇ ಹೊತ್ತಿಗೆ ಅವಳು ಎಲ್ಲರಿಗೂ ಚಹಾ ಹಿಡಿದುಕೊಂಡು ಬಂದಳು. ಏರಿಯಣ್ಣ ಗುಂಡಿಗೆ ಅಡ್ಡವಾಗಿ ಕೈಕಾಲು ಅಗಲಿಸಿ ನಿಂತುಬಿಟ್ಟ. ಅವಳು ಎಡಕ್ಕೆ ಬಂದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. "ಇದೇನ್ರೀ, ಕೋಳಿ ಹಿಡಿಯೋರ ಹಾಗೆ!" ಅಂತ ಅವಳು ರೇಗಿದಳು, ಅಗೆಯುವವರು ನಕ್ಕರು. ಅವನೂ ನಕ್ಕ. ನಗುತ್ತಲೇ ಗುಂಡಿಯ ಅಂಚು ಬಿಟ್ಟು ಕದಲಲಿಲ್ಲ.

ಬದುಕಿಸಬಹುದಾದ ಗಿಡಗಳನ್ನೆಲ್ಲ ಅವಳು ಮನೆಯ ಪಕ್ಕದ ಗಟ್ಟಿ ನೆಲಕ್ಕೆ ತಂದು ನೆಟ್ಟಳು. ಬದನೆ, ಮೆಣಸಿನಕಾಯಿ, ಎರಡು ಸಾಲು ಅವರೆ. ಜಿಗುಟು ಮಣ್ಣು, ನೀರು ಇಂಗದ ಜಾಗ. ಸಂಜೆ ಹೊತ್ತು ಒಂದು ತಂಬಿಗೆ ಹಿಡಿದು ಬುಡಬುಡಕ್ಕೆ ಅಳೆದಂತೆ ನೀರು ಹಾಕುತ್ತಿದ್ದಳು.

ಇಲ್ಲಿ ನಮ್ಮ ಏರಿಯಣ್ಣನ ಬುದ್ಧಿವಂತಿಕೆ ಕೇಳಿ. ಒಸರಿನಲ್ಲಿ ಬೆಳೆದ ಗಿಡಗಳು, ತಂಬಿಗೆ ನೀರು ಯಾವ ಮೂಲೆಗೆ? ಇವು ಒಣಗಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಬೆಳಗ್ಗೆ ಏರಿ ಸುತ್ತಲು ಹೋಗುತ್ತೇನೆ ಅಂತ ಹೊರಟು, ಅವಳು ಒಳಗೆ ಒಲೆ ಹಚ್ಚುವಷ್ಟರಲ್ಲಿ, ಗಿಡಗಳಿಗೆ ಬಕೆಟ್ಟುಗಟ್ಟಲೆ ನೀರು ಸುರಿದು ಹೋಗತೊಡಗಿದ. ಇಷ್ಟು ವರ್ಷ ಏರಿ ಕದ್ದು ಮಾಡಿದ ಕೆಲಸವನ್ನು ಈಗ ಏರಿಯ ಯಜಮಾನ ಕದ್ದು ಮಾಡುತ್ತಿದ್ದ. ಬೆನ್ನು ಹಿಡಿದುಕೊಂಡರೂ ಅವನಿಗೆ ಒಂಥರಾ ನೆಮ್ಮದಿ.

ಬದನೆಯ ಎಲೆ ಹಳದಿಯಾಯಿತು. ಮೆಣಸಿನ ಗಿಡ ಜೋತುಬಿತ್ತು. ನೀರು ಸಾಲದು ಅಂತ ಅವನು ಇನ್ನೊಂದು ಬಕೆಟ್ಟು ಹೆಚ್ಚು ಹಾಕಿದ. ಅವರೆಯ ಬಳ್ಳಿ ಹಿಡಿದು ಎಳೆದರೆ ಕೊಳೆತ ಬೇರು ಸಮೇತ ಕೈಗೆ ಬಂತು.

ಒಂದು ದಿನ ದರ್ಜಿಯ ಸೊಸೆ ಬಂದಳು. "ದೊಡ್ಡಮ್ಮ, ತವರಿಂದ ಮಲ್ಲಿಗೆ ಬಳ್ಳಿ ತಂದಿದೀನಿ. ನೀವು ಬಂದು ನೆಟ್ಟುಕೊಡಿ" ಅಂದಳು. ಏರಿಯಣ್ಣ ಜಗಲಿಯಲ್ಲಿ ಕೂತು ಗುದ್ದಲಿಗೆ ಮರದ ಕಾವು ಕೂರಿಸುತ್ತಿದ್ದ. ಒಳಗಿಂದ ಹೆಂಡತಿಯ ದನಿ ಕೇಳಿಸಿತು.

"ಬೇಡ ಕಣಮ್ಮ. ನೀನೇ ನೆಡು. ನನ್ನ ಕೈ ಮುಟ್ಟಿದ್ದೆಲ್ಲ ಸಾಯ್ತಿದೆ ಈಗ. ನನ್ನ ಕೈಗುಣ ಹೋಯ್ತು."

ಅಳುತ್ತಾ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಹಾಲು ಮುಗಿಯಿತು ಅನ್ನುವಷ್ಟು ಸಾಧಾರಣವಾಗಿ ಹೇಳಿದಳು. ದರ್ಜಿಯ ಸೊಸೆ ಬಂದ ದಾರಿಯಲ್ಲೇ ವಾಪಸು ಹೋದಳು. ಏರಿಯಣ್ಣ ಗುದ್ದಲಿ ಅಲ್ಲೇ ಬಿಟ್ಟು ಅಡುಗೆಮನೆಗೆ ಬಂದ.

"ನಿನ್ನ ಕೈ ಅಲ್ಲ ಕಣೇ, ನಂದು. ದಿನಾ ಬೆಳಗ್ಗೆ ನಾನೇ ನೀರು ಹಾಕ್ತಿದ್ದೆ."

"ನಾನು ಸಂಜೆ ಹಾಕ್ತಿದ್ನಲ್ರೀ!"

"ಗೊತ್ತು. ಅದು ಸಾಲಲ್ಲ ಅನ್ನಿಸ್ತು. ಅಲ್ಲಿ ಬುಡದಲ್ಲಿ ಎಷ್ಟು ನೀರಿತ್ತು ಅಂತ..."

ಅವಳು ತರಕಾರಿ ಹೆಚ್ಚುವುದನ್ನು ಬಿಟ್ಟು ಅವನ ಮುಖವನ್ನೇ ನೋಡಿದಳು. ಇನ್ನು ಮುಚ್ಚಿಡುವುದೇನು ಬಂತು? ಬೂಟಿನ ಗುರುತು, ಶೀಶೆಯ ನೀರು, ಗುಂಡಿಯೊಳಗಿನ ಜಾಡು, ಎಲ್ಲವನ್ನೂ ಬಡಬಡನೆ ಹೇಳಿ ಮುಗಿಸಿದ.

"ಅಂದ್ರೆ ನಿಮ್ಮ ಏರಿ ಸೋರ್ತಿತ್ತು, ನಾನು ಕೈಗುಣ ಅಂತ ಬೀಗ್ತಿದ್ದೆ" ಅಂದಳು ಅವಳು. ಈಳಿಗೆಯನ್ನು ಪಕ್ಕಕ್ಕೆ ತಳ್ಳಿ ಮತ್ತೆ ಅಂದಳು, "ಅದು ಹೋಗಲಿ ಬಿಡಿ. ಆ ಹುಡುಗಿಗೆ ಗೊತ್ತು, ನಿಮಗೆ ಗೊತ್ತು, ಅಗೆಯೋರಿಗೆಲ್ಲ ಗೊತ್ತು. ಅವರಿಗೆ ಚಹಾ ತಂದುಕೊಟ್ಟ ನನಗೊಬ್ಬಳಿಗೆ ಗೊತ್ತಿಲ್ಲ."

"ಹಾಗಲ್ಲ ಕಣೇ. ದರ್ಜಿ ಮನೆ ಹೀರೆಬಳ್ಳಿ ನೋಡು, ಕೆಳಗಿನ ಬೀದಿ ನರ್ಸಮ್ಮನ ಬೇಲಿ ಬಳ್ಳಿ ನೋಡು. ಅಲ್ಲಿ ಯಾವ ಒಸರಿತ್ತು? ಅದೆಲ್ಲ ನೀನು ನೆಟ್ಟದ್ದೇ ಅಲ್ವಾ?"

"ಸಾಕು. ಮಕ್ಕಳನ್ನ ಸುಮ್ಮನಿರಿಸೋ ಹಾಗೆ ಮಾತಾಡಬೇಡಿ."

ಅಲ್ಲಿಂದಾಚೆ ಅಡುಗೆಗೆ ಉಪ್ಪು ಕಡಿಮೆಯಾಗಲಿಲ್ಲ, ಮನೆಯಲ್ಲಿ ಮಾತು ಕಡಿಮೆಯಾಯಿತು. ಸತ್ತ ಗಿಡಗಳನ್ನು ಕಿತ್ತು ಅವಳು ಅಂಗಳವನ್ನು ಗುಡಿಸಿಬಿಟ್ಟಳು. ಯಾರು ಕರೆದರೂ ಹೋಗಲಿಲ್ಲ. ಒಮ್ಮೊಮ್ಮೆ ಕಿಟಕಿಯ ಹತ್ತಿರ ಕೂತು ಸುಮ್ಮನೆ ಅಂಗೈ ನೋಡಿಕೊಳ್ಳುವಳು. ಅದನ್ನು ಕಂಡಾಗ ಏರಿಯಣ್ಣ ಗುದ್ದಲಿ ಎತ್ತಿಕೊಂಡು ಹೊರಗೆ ಹೋಗಿಬಿಡುತ್ತಿದ್ದ.

ಇತ್ತ ಏರಿಯ ಬುಡದ ಹೊಸ ಮಣ್ಣು ಬೋಳಾಗಿ ನಿಂತಿತ್ತು. ಅಂಗಡಿಯಿಂದ ತಂದ ಹುಲ್ಲಿನ ಬೀಜ ಎರಚಿದ. ಅರ್ಧ ಹಕ್ಕಿಗಾಯಿತು, ಮೊಳೆತ ಅರ್ಧ ಬಿಸಿಲಿಗೆ ಕರಕಲಾಯಿತು. ಮತ್ತೆ ಎರಚಿದ, ಮತ್ತೆ ಅದೇ ಕತೆ. ಮಳೆಗಾಲ ಬಾಗಿಲಿಗೆ ಬಂದಿತ್ತು. ಇಂಜಿನಿಯರ್ ಹುಡುಗಿ ಬಂದು ನೋಡಿ ಹುಬ್ಬು ಗಂಟಿಕ್ಕಿದಳು. "ಹುಲ್ಲು ಹಿಡಿಯೋ ಮೊದಲೇ ಜೋರು ಮಳೆ ಬಂದ್ರೆ ಇಷ್ಟೂ ಮಣ್ಣು ಕೊಚ್ಚಿ ಹೋಗತ್ತೆ ಅಂಕಲ್. ಮಾಡಿದ್ದೆಲ್ಲ ನೀರುಪಾಲು. ಏನಾದ್ರೂ ಮಾಡಿ ಹುಲ್ಲು ಬರಿಸಿ."

ಯಾರನ್ನು ಕೇಳಬೇಕು ಅಂತ ಅವನಿಗೆ ಗೊತ್ತಿತ್ತು. ಪೇಚು ಅಂದರೆ ಇದು! ಈಗ ಹೋಗಿ ನಿನ್ನ ಕೈಗುಣ ಬೇಕು ಅಂದರೆ, ಮತ್ತೊಂದು ನಾಟಕ ಶುರುಮಾಡಿದ ಅಂದುಕೊಳ್ಳುವುದಿಲ್ಲವೇ? ಒಂದು ದಿನವೆಲ್ಲ ಒಳಗೆ ಹೊರಗೆ ಓಡಾಡಿದ. ಸಂಜೆಗೆ ದಿಬ್ಬದ ಹಿಂದೆ ಮೋಡ ಕಟ್ಟಿತು. ಕೆಳಗೆ ದರ್ಜಿಯ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಅವನು ಹೋಗಿ ಹೆಂಡತಿಯ ಎದುರು ನಿಂತ.

"ಏರಿಗೆ ಹುಲ್ಲು ಹಿಡೀತಿಲ್ಲ. ನಿನ್ನ ಕೈ ಬೇಕು."

"ಇದೂ ಸಮಾಧಾನಕ್ಕಾ?"

"ಸಮಾಧಾನ ಮಾಡೋ ಸ್ಥಿತಿಯಲ್ಲಿ ನಾನಿಲ್ಲ ಕಣೇ. ಹೆದರಿಕೆ ಆಗ್ತಿದೆ. ಅಪ್ಪ ಕಟ್ಟಿದ್ದು ನನ್ನ ಕಾಲದಲ್ಲಿ ಆ ಮನೆಗಳ ಮೇಲೆ ಬಿದ್ರೆ ನಾನು ಬದುಕಲ್ಲ." ಹೆದರಿಕೆಯನ್ನು ಮರೆಮಾಚಲು ಅವನು ಪ್ರಯತ್ನಿಸಲೂ ಇಲ್ಲ.

ಅವಳು ಎದ್ದು ಸೀರೆ ಎತ್ತಿ ಕಟ್ಟಿದಳು. "ಬೀಜ ಎಲ್ಲಿಂದ ತಂದ್ರಿ?"

"ಅಂಗಡಿಯಿಂದ."

"ಅಂಗಡಿ ಬೀಜಕ್ಕೆ ಈ ಮಣ್ಣಿನ ಪರಿಚಯ ಎಲ್ಲಿಂದ ಬರಬೇಕು? ಬುಟ್ಟಿ ತಗೊಂಡು ಬನ್ನಿ."

ಕಾಲುವೆಯ ಅಂಚಿನಲ್ಲಿ, ಎಲ್ಲರೂ ತುಳಿದಾಡುವ ಜಾಗದಲ್ಲಿ, ತಾನಾಗಿ ಹಬ್ಬಿದ ಗರಿಕೆ ಇತ್ತು. ಅದನ್ನು ಬೇರಿನ ಮಣ್ಣು ಸಮೇತ ಎತ್ತಿಸಿದಳು. ಗೆಣ್ಣು ಗೆಣ್ಣಿಗೆ ಮುರಿದು, ಇಳಿಜಾರಿಗೆ ಅಡ್ಡಡ್ಡವಾಗಿ ಗೀರು ಎಳೆದು, ಬುಡದಿಂದ ಮೇಲಕ್ಕೆ ಸಾಲು ಸಾಲಾಗಿ ಊರುತ್ತಾ ಹೋದಳು. ಪ್ರತಿ ಗೆಣ್ಣನ್ನೂ ಹೆಬ್ಬೆರಳಿನಿಂದ ಒತ್ತಿ, ಮೇಲೆ ಒದ್ದೆ ಗೋಣಿ ಹೊದಿಸಿದಳು. ಏರಿಯಣ್ಣ ಅಭ್ಯಾಸಬಲದಿಂದ ಬಕೆಟ್ಟಿಗೆ ಕೈ ಹಾಕಿದ. "ನೀವು ದಯವಿಟ್ಟು ಆ ಕಲ್ಲಿನ ಮೇಲೆ ಕೂತ್ಕೊಳ್ಳಿ. ನೀರಿನ ತಂಟೆಗೆ ಬರಬೇಡಿ" ಅಂದಳು. ಅವನು ಹೋಗಿ ಕೂತ. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬೈಸಿಕೊಂಡದ್ದು ಅವನಿಗೆ ಹಿತವಾಗಿತ್ತು.

ಪುಣ್ಯಕ್ಕೆ ಆ ಮೋಡ ಸುರಿಯದೆ ಚದುರಿತು; ಕೆಲವು ದಿನ ಕಳೆದು ಗೋಣಿ ತೆಗೆದಾಗ ಅಲ್ಲಲ್ಲಿ ಹಸಿರು ಕಡ್ಡಿ ಕಾಣಿಸಿತ್ತು, ಅಷ್ಟೆ. ಬೇರು ಇಳಿದಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮಧ್ಯಾಹ್ನದ ಊಟ ಮುಗಿಯುತ್ತಿದ್ದಂತೆ ಮಳೆ ಬಂದೇಬಿಟ್ಟಿತು. ಸಣ್ಣ ಮಳೆಯಲ್ಲ, ಎದುರಿನ ದಿಬ್ಬ ಕಾಣಿಸದಂಥ ಮಳೆ. ಇಬ್ಬರೂ ಒಂದೇ ಕೊಡೆಯ ಕೆಳಗೆ ಏರಿಯ ತುದಿಯಲ್ಲಿ ನಿಂತರು. ಅವಳು ಅವನ ತೋಳು ಹಿಡಿದುಕೊಂಡಿದ್ದಳು, ಉಗುರು ನಾಟುವಷ್ಟು ಗಟ್ಟಿಯಾಗಿ. ನೀರು ಇಳಿಜಾರಿನ ಮೇಲೆ ಹರಿಯಿತು, ಸಾಲಿನಿಂದ ಸಾಲಿಗೆ ತಡೆದು ತಡೆದು ಇಳಿಯಿತು.

ಮಳೆ ಕಡಿಮೆಯಾಗಿ ಹನಿಯಾದಾಗ ಅವನು ಬುಡದ ಕೊಳವೆಯ ಬಾಯಿಗೆ ಹೋಗಿ ಬಗ್ಗಿ ನೋಡಿದ. ತಿಳಿನೀರು ಬರುತ್ತಿತ್ತು. ತಲೆ ಎತ್ತಿದಾಗ ಅವಳು ಇಳಿಜಾರಿನ ನಡುವೆ ಕೂತಿದ್ದಳು. ಒಂದು ಗರಿಕೆಯ ಕುಡಿಯನ್ನು ಬೆರಳಿಗೆ ಸುತ್ತಿ ಎಳೆದಳು. ಬರಲಿಲ್ಲ. ಇನ್ನೊಂದನ್ನು, ಬೇರೆ ಸಾಲಿನದನ್ನು, ಇನ್ನೂ ಜೋರಾಗಿ ಎಳೆದಳು. ಅದೂ ಬರಲಿಲ್ಲ.

"ಹಿಡಿದಿದೆ" ಅಂದಳು, ಅವನಿಗಲ್ಲ, ತನಗೇ.

ಕೆಸರಾದ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ಮಳೆಹನಿ ಬಿದ್ದು ಕೆಸರು ಬೆರಳ ಸಂದಿನಿಂದ ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

"ರೀ, ದರ್ಜಿ ಸೊಸೆ ಆ ಮಲ್ಲಿಗೆ ಬಳ್ಳಿ ನೆಟ್ಟುಬಿಟ್ಲಂತಾ?"

"ಇಲ್ಲ. ನೀರಲ್ಲಿಟ್ಕೊಂಡು ಕಾಯ್ತಿದಾಳೆ. ದೊಡ್ಡಮ್ಮ ಬರದೆ ನೆಡಲ್ಲ ಅಂತ ಹಟ ಅವಳದ್ದು."

"ಹುಚ್ಚು ಹುಡುಗಿ. ಇಷ್ಟು ದಿನ ನೀರಲ್ಲೇ ಇಟ್ರೆ ಕೊಳೀತದೆ ಅಂತ ಯಾರೂ ಹೇಳಲಿಲ್ವಾ ಅವಳಿಗೆ? ಕೊಡೆ ಕೊಡಿ ಇಲ್ಲಿ."

ಕೊಡೆಯನ್ನು ಕಿತ್ತುಕೊಂಡು, ಸೀರೆಯ ನೆರಿಗೆ ಎತ್ತಿ ಹಿಡಿದು, ಅವಳು ಬಿರಬಿರನೆ ದರ್ಜಿಯ ಮನೆಯ ಕಡೆ ಇಳಿದು ಹೋದಳು. ಗಂಡ ನೆನೆಯುತ್ತಿದ್ದಾನೆ ಅನ್ನುವುದು ಅವಳ ನೆನಪಿನಲ್ಲೇ ಇರಲಿಲ್ಲ. ಏರಿಯಣ್ಣ ಅಲ್ಲೇ ಮಳೆಯಲ್ಲಿ ನಿಂತು, ಅವಳು ಬೇಲಿ ದಾಟುವುದನ್ನು ನೋಡುತ್ತಾ, ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟ.